ಒಂದೇ ಬೆಳಕು, ಬೇರೆ ಬೇರೆ ಎಣಿಕೆ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಕಣ್ಣಾರೆ ಕಂಡದ್ದನ್ನೂ ಪ್ರಮಾಣಿಸಬೇಕೇಕೆ? ಇದಕ್ಕೆ ಶರೀರಶಾಸ್ತ್ರವು ಕೊಡುವ ಉತ್ತರವು ಕುತೂಹಲಕರವಾದುದು. ಕಣ್ಣಿನ ಪರೀಕ್ಷೆಗೆ ಹೋಗುವವರಿಗೆ ಉಪಯುಕ್ತವೂ ಆದುದು.

ಮೊದಲು ನೋಟದ ವ್ಯವಸ್ಥೆಯನ್ನು ತಿಳಿಯೋಣ. ಕಣ್ಣಿನ ಒಳಗೋಡೆಯಲ್ಲಿ ಅಕ್ಷಿಪಟಲವೆಂಬ ತೆಳು ಪೊರೆಯಿದೆ. ಅದರಲ್ಲಿ ಬೆಳಕನ್ನು ಗ್ರಹಿಸುವ ಜೀವಕೋಶಗಳು ಸುಮಾರು 12 ಕೋಟಿ. ಅವು ಗ್ರಹಿಸಿದ ಸುದ್ದಿಯು ಸುಮಾರು 10 ಲಕ್ಷ ಎಳೆಗಳುಳ್ಳ ದೃಷ್ಟಿನರದ ಮೂಲಕ ಮಿದುಳಿಗೆ ಹೋಗುತ್ತದೆ. ಈ ಎಳೆಗಳಲ್ಲಿ ಹರಿಯುವುದು ಚಿತ್ರವಲ್ಲ. ಸಣ್ಣ ವಿದ್ಯುತ್ ಮಿಡಿತಗಳು. ಹಿಂದೆ ತಂತಿ ಕಚೇರಿಯಲ್ಲಿ ಕೇಳುತ್ತಿದ್ದ ಕಟಕಟ ಸದ್ದಿನಂತೆ ಎನ್ನಬಹುದು. ಪ್ರಚೋದನೆ ಬಲವಾದರೆ ಮಿಡಿತವು ದೊಡ್ಡದಾಗುವುದಿಲ್ಲ, ಬೇಗಬೇಗನೆ ಬರುತ್ತದೆ ಎಂಬುದನ್ನು ಇಂಗ್ಲೆಂಡಿನ ಏಡ್ರಿಯನ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ತೋರಿಸಿಕೊಟ್ಟರು. 1932ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಹಾಗಾದರೆ ಒಂದೇ ದೃಶ್ಯವನ್ನು ಹತ್ತು ಸಾರಿ ತೋರಿಸಿದರೆ ಹತ್ತು ಸಾರಿಯೂ ಮಿಡಿತಗಳ ಎಣಿಕೆ ಒಂದೇ ಆಗಿರಬೇಕಲ್ಲವೆ? ಆಗಿರುವುದಿಲ್ಲ. ಮಿದುಳಿನ ದೃಷ್ಟಿಭಾಗದ ಒಂದು ನರಕೋಶವು ಒಂದೇ ಗೆರೆಗೆ ಒಮ್ಮೆ 6 ಮಿಡಿತ ಕೊಟ್ಟರೆ, ಮತ್ತೊಮ್ಮೆ 12, ಇನ್ನೊಮ್ಮೆ 9 ಕೊಡಬಹುದು. ಬೆಕ್ಕು ಮತ್ತು ಕೋತಿಗಳಲ್ಲಿ ಇದನ್ನು ಅಳೆದು, ಟಾಲ್‌ಹರ್ಸ್ಟ್, ಮೂವ್‌ಶನ್, ಡೀನ್ ಎಂಬವರು 1983ರಲ್ಲಿ ಪ್ರಕಟಿಸಿದರು. ಸರಾಸರಿ ಹೆಚ್ಚಿದಂತೆ ಏರಿಳಿತವೂ ಹೆಚ್ಚುತ್ತದೆ. ಸ್ಥೂಲವಾಗಿ ಸರಾಸರಿಯ ವರ್ಗಮೂಲದಷ್ಟಿರುತ್ತದೆ. ಸರಾಸರಿ 9 ಆದರೆ ಏರಿಳಿತ ಸುಮಾರು 3. ಸರಾಸರಿ 100 ಆದರೆ ಸುಮಾರು 10. ಲೆಕ್ಕ ಬಲ್ಲವರು ಗಮನಿಸಬೇಕು: ಮೊದಲನೆಯದು ಮೂರರಲ್ಲೊಂದು ಪಾಲು, ಎರಡನೆಯದು ಹತ್ತರಲ್ಲೊಂದು ಪಾಲು. ಆದುದರಿಂದಲೇ ಮಂದ ಬೆಳಕಿನಲ್ಲಿ ಸಂಶಯ ಹೆಚ್ಚು, ಪ್ರಕಾಶದಲ್ಲಿ ಕಡಮೆ.

ಇದಕ್ಕೆ ಕಾರಣಗಳು ಹಲವು. ಬೆಳಕೇ ಕಣಕಣವಾಗಿ, ಮಳೆಹನಿಯಂತೆ ಹೆಚ್ಚುಕಡಮೆಯಾಗಿ ಬೀಳುತ್ತದೆ. 1942ರಲ್ಲಿ ನ್ಯೂಯಾರ್ಕಿನ ಹೆಕ್ಟ್ ಮತ್ತು ಸಂಗಡಿಗರು ಕತ್ತಲಕೋಣೆಯಲ್ಲಿ ಮಾಡಿದ ಪ್ರಯೋಗದಲ್ಲಿ, ಅಕ್ಷಿಪಟಲವು 5ರಿಂದ 14 ಬೆಳಕಿನ ಕಣಗಳನ್ನು ಹೀರಿದರೂ ಸಾಕು, ಮನುಷ್ಯನು ಮಿಂಚನ್ನು ಕಾಣಬಲ್ಲನೆಂದು ತಿಳಿಯಿತು. ಆದರೆ ಅಷ್ಟೇ ಮಂದವಾದ ಮಿಂಚು ಒಮ್ಮೆ ಕಂಡರೆ ಒಮ್ಮೆ ಕಾಣದು. ಇದಲ್ಲದೆ, ಒಂದು ನರಕೋಶವು ಮತ್ತೊಂದಕ್ಕೆ ಸುದ್ದಿ ದಾಟಿಸುವಾಗ ಪ್ರತಿ ಸಾರಿಯೂ ದಾಟಿಯೇ ತೀರುವುದೆಂಬ ನಿಯಮವಿಲ್ಲ. ನೋಡುವವನ ಗಮನ ಮತ್ತು ಎಚ್ಚರಗಳೂ ಎಣಿಕೆಯನ್ನು ಬದಲಿಸುತ್ತವೆ.

ಆದರೂ ನಮಗೆ ಲೋಕವು ಸ್ಥಿರವಾಗಿ ಕಾಣುವುದು ಹೇಗೆ? ಮಿದುಳು ಒಂದೇ ಕೋಶದ ಮಾತನ್ನು ನಂಬುವುದಿಲ್ಲ. ಅನೇಕ ಕೋಶಗಳ ಸಾಕ್ಷ್ಯವನ್ನು ಕೂಡಿಸುತ್ತದೆ. ಒಬ್ಬನ ತಪ್ಪು ಇನ್ನೊಬ್ಬನಿಂದ ಸರಿಹೋಗುತ್ತದೆ. ಆದರೆ ಇದಕ್ಕೂ ಮಿತಿಯಿದೆ. ನೆರೆಯ ಕೋಶಗಳು ಸ್ವಲ್ಪಮಟ್ಟಿಗೆ ಕೂಡಿಯೇ ಏರುತ್ತವೆ, ಕೂಡಿಯೇ ಇಳಿಯುತ್ತವೆ. ಮೊದಲೇ ಮಾತಾಡಿಕೊಂಡು ಬಂದ ಸಾಕ್ಷಿಗಳು ಎಷ್ಟು ಮಂದಿಯಾದರೇನು?

ಈ ವಿಷಯವು ನಮ್ಮ ನಿತ್ಯಜೀವನವನ್ನು ಮುಟ್ಟುವುದು ಗ್ಲಾಕೋಮಾ ರೋಗದಲ್ಲಿ. ಇದು ದೃಷ್ಟಿನರದ ಎಳೆಗಳನ್ನು ಕ್ರಮೇಣ ನಾಶಮಾಡುತ್ತದೆ. ಬಹಳ ಮಂದಿಗೆ ನೋವಿಲ್ಲ, ಮೊದಲು ಅರಿವೂ ಇಲ್ಲ. ನಮ್ಮ ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯವರು 1996ರಿಂದ 2000ದವರೆಗೆ ನಗರದಲ್ಲಿಯೂ ಆಗಿನ ಆಂಧ್ರಪ್ರದೇಶದ ಹಳ್ಳಿಗಳಲ್ಲಿಯೂ ಹತ್ತು ಸಾವಿರಕ್ಕೂ ಹೆಚ್ಚು ಜನರ ಕಣ್ಣು ಪರೀಕ್ಷಿಸಿದಾಗ, ಈ ರೋಗವಿದ್ದವರಲ್ಲಿ ಬಹುಪಾಲು ಮಂದಿಗೆ ಅದು ಮೊದಲು ತಿಳಿದೇ ಇರಲಿಲ್ಲ.

ಇದನ್ನು ಕಂಡುಹಿಡಿಯುವ ಒಂದು ಪರೀಕ್ಷೆಯಲ್ಲಿ ನಡುವಿನ ಚುಕ್ಕೆಯನ್ನೇ ನೋಡುತ್ತ, ಸುತ್ತಲೂ ಮಿನುಗುವ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅತಿ ಮಂದವಾದ ಬೆಳಕನ್ನು ಆರೋಗ್ಯವಂತರೂ ಒಮ್ಮೆ ಕಂಡು ಒಮ್ಮೆ ಬಿಡುತ್ತಾರೆ. ಎಳೆಗಳು ಕಡಮೆಯಾದ ಜಾಗದಲ್ಲಿ ಈ ಏರಿಳಿತ ಇನ್ನೂ ಹೆಚ್ಚು. ಆದುದರಿಂದ ವೈದ್ಯರು ಪರೀಕ್ಷೆಯನ್ನು ಮತ್ತೆ ಮಾಡಿಸಲು ಹೇಳಿದರೆ, ಹಣ ಕೀಳುವ ಉಪಾಯವೆಂದು ಬಗೆದು ಬಿಟ್ಟುಬಿಡಬಾರದು. ಒಂದು ಕೆಟ್ಟ ಫಲಿತಾಂಶ ಬಂದೊಡನೆ ಎದೆಗುಂದಲೂ ಬೇಡ. ಒಂದು ಒಳ್ಳೆಯ ಫಲಿತಾಂಶ ಬಂದಿತೆಂದು ಮೈಮರೆಯಲೂ ಬೇಡ. ರಾತ್ರಿಪಾಳಿ ಮುಗಿಸಿ ತೂಕಡಿಸುತ್ತ ಹೋಗದೆ, ನಿದ್ದೆ ಮಾಡಿ ಹೋಗುವುದು ಮೇಲು.

ಗ್ಲಾಕೋಮಾದಿಂದ ಹೋದ ದೃಷ್ಟಿ ಹಿಂದಿರುಗದು. ಉಳಿದುದನ್ನು ಚಿಕಿತ್ಸೆಯಿಂದ ಕಾಪಾಡಿಕೊಳ್ಳಬಹುದು. ನಲವತ್ತು ದಾಟಿದವರು, ಅದರಲ್ಲಿಯೂ ತಂದೆತಾಯಿ, ಒಡಹುಟ್ಟಿದವರಲ್ಲಿ ಈ ರೋಗವುಳ್ಳವರು, ಕಣ್ಣು ಚೆನ್ನಾಗಿಯೇ ಇದೆಯೆಂದು ತೋರಿದರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು.