ಮರಳುಗಾಡಿನ ಲಾರಿಗೆ ಯಾವ ಬ್ಯಾಟರಿ?

ಅಕೌಂಟೆನ್ಸಿ ತರಗತಿಯಲ್ಲಿ ಸವಕಳಿಯ ಲೆಕ್ಕ ಮಾಡುವಾಗ ಯಂತ್ರದ ಬೆಲೆ, ಅದು ಬಾಳುವ ವರ್ಷ ಎರಡನ್ನೂ ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ. ನಾವು ಭಾಗಿಸಿ ಉತ್ತರ ಬರೆಯುತ್ತೇವೆ. ಆ ವರ್ಷಗಳನ್ನು ನಿರ್ಧರಿಸುವುದು ಯಾರು ಎಂದು ನಾನು ಯೋಚಿಸಿರಲಿಲ್ಲ.

ನನ್ನ ಮಾಮು ಸೌದಿ ಅರೇಬಿಯಾದಲ್ಲಿ ಲಾರಿ ಚಾಲಕರು. ದಮ್ಮಾಮ್‌ನಿಂದ ರಿಯಾದ್‌ಗೆ, ಸುಮಾರು 400 ಕಿಲೋಮೀಟರ್ ಮರಳುಗಾಡಿನ ದಾರಿಯಲ್ಲಿ ಸರಕು ಒಯ್ಯುತ್ತಾರೆ. ರಜೆಗೆ ಬಂದಾಗ, ಅಲ್ಲಿ ಬ್ಯಾಟರಿ ಎರಡು ಬೇಸಿಗೆ ದಾಟಿದರೆ ಅದೇ ದೊಡ್ಡದು ಎಂದರು. ಕಾರಣ ಹುಡುಕುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಹಂಚಿಕೊಂಡಿದ್ದೇನೆ.

ಶಾಖ ಏನು ಮಾಡುತ್ತದೆ?

ಲಾರಿಯ ಬ್ಯಾಟರಿಯೊಳಗೆ ಸೀಸದ ಪ್ಲೇಟುಗಳೂ ಸಲ್ಫ್ಯೂರಿಕ್ ಆಮ್ಲ ಬೆರೆತ ನೀರೂ ಇರುತ್ತವೆ. ಶಾಖ ಹೆಚ್ಚಿದಂತೆ ಪ್ಲೇಟುಗಳ ಸವೆತ ವೇಗವಾಗುತ್ತದೆ, ನೀರೂ ಬೇಗ ಕಡಿಮೆಯಾಗುತ್ತದೆ. ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಸ್ಥೂಲ ನಿಯಮ. ರಿಯಾದ್‌ನಲ್ಲಿ ಬೇಸಿಗೆಯ ಹಗಲು 43 ಡಿಗ್ರಿ ಮುಟ್ಟುವುದು ಸಾಮಾನ್ಯ. ರಸ್ತೆಯ ಮತ್ತು ಎಂಜಿನ್ನಿನ ಕಾವೂ ಸೇರಿದರೆ ಬ್ಯಾಟರಿ ಇರುವ ಜಾಗ ಇನ್ನೂ ಬಿಸಿ.

ಹೀಗೆ ಬೇಸಿಗೆಯಲ್ಲಿ ಸೊರಗಿದ ಬ್ಯಾಟರಿ ಎಷ್ಟೋ ಸಲ ಚಳಿಗಾಲದ ಬೆಳಿಗ್ಗೆ ಕೈಕೊಡುತ್ತದೆ. ಜನವರಿಯ ರಾತ್ರಿಗಳಲ್ಲಿ ರಿಯಾದ್‌ನಲ್ಲಿ 10 ಡಿಗ್ರಿಗಿಂತ ಕಡಿಮೆ ಇರುವುದುಂಟು. ಆಗ ಎಂಜಿನ್ ಆಯಿಲ್ ದಪ್ಪವಾಗಿ ಸ್ಟಾರ್ಟ್ ಮಾಡಲು ಹೆಚ್ಚು ಶಕ್ತಿ ಬೇಕು, ಬ್ಯಾಟರಿ ಕೊಡುವುದು ಮಾತ್ರ ಕಡಿಮೆ. ಬೈಗುಳ ಚಳಿಗೆ, ತಪ್ಪು ಬೇಸಿಗೆಯದು.

ಕೊಳ್ಳುವಾಗ ಏನು ನೋಡಬೇಕು?

1. ತಯಾರಾದ ದಿನಾಂಕ. ಅಂಗಡಿಯಲ್ಲಿ ಸುಮ್ಮನೆ ಕುಳಿತ ಬ್ಯಾಟರಿಯೂ ಚಾರ್ಜ್ ಕಳೆದುಕೊಳ್ಳುತ್ತದೆ. ಬಿಸಿ ಗೋದಾಮಿನಲ್ಲಿ ಇನ್ನೂ ಬೇಗ. ಹೊಸ ಸ್ಟಾಕ್ ಕೇಳಿ ಪಡೆಯಬೇಕು.

2. ದೊಡ್ಡ ಸಂಖ್ಯೆಗೆ ಮರುಳಾಗಬಾರದು. ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್ ಮೈನಸ್ 18 ಡಿಗ್ರಿಯಲ್ಲಿ ಅಳೆದದ್ದು. ಮರಳುಗಾಡಿನಲ್ಲಿ ಅಂಥ ಚಳಿ ಎಲ್ಲಿದೆ? ಒಂದೇ ಅಳತೆಯ ಪೆಟ್ಟಿಗೆಯಲ್ಲಿ ಈ ಸಂಖ್ಯೆ ಹೆಚ್ಚಿಸಲು ಸಾಮಾನ್ಯವಾಗಿ ತೆಳು ಪ್ಲೇಟುಗಳನ್ನು ಹೆಚ್ಚು ತುಂಬುತ್ತಾರೆ. ಶಾಖದಲ್ಲಿ ತಾಳುವುದು ದಪ್ಪ ಪ್ಲೇಟು. ಲಾರಿ ಕಂಪನಿ ಹೇಳಿದಷ್ಟು ಆಂಪ್ಸ್ ಇದ್ದರೆ ಸಾಕು. ನಂತರ ನೋಡಬೇಕಾದದ್ದು ಆಂಪಿಯರ್ ಅವರ್.

3. ನೀರು ಹಾಕುವುದೋ, ಸೀಲ್ ಆದದ್ದೋ? ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕುವ ಬ್ಯಾಟರಿಯಲ್ಲಿ ಆರಿದ ನೀರನ್ನು ಮತ್ತೆ ತುಂಬಬಹುದು, ಆದರೆ ನೋಡಿಕೊಳ್ಳುವವರು ಬೇಕು. ಸೀಲ್ ಆದದ್ದರಲ್ಲಿ ಆ ಕೆಲಸವಿಲ್ಲ, ಹೋದ ನೀರು ಮಾತ್ರ ಹೋದಂತೆಯೇ. ಎಜಿಎಂ ಬ್ಯಾಟರಿ ಅದುರುವಿಕೆಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬೆಲೆ ಹೆಚ್ಚು. ಅತಿ ಶಾಖ, ಅತಿ ಚಾರ್ಜ್ ಎರಡೂ ಅದಕ್ಕೆ ಆಗದು.

4. ಜೋಡಿಯಾಗಿಯೇ ಬದಲಿಸಬೇಕು. ಇಂಥ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಒಂದು ಹಳೆಯದು, ಒಂದು ಹೊಸದು ಇದ್ದರೆ ಚಾರ್ಜ್ ಸಮನಾಗಿ ಹಂಚುವುದಿಲ್ಲ, ಹಳೆಯದು ಹೊಸದನ್ನೂ ಕೆಡಿಸುತ್ತದೆ.

5. ಆಲ್ಟರ್ನೇಟರ್ ಪರೀಕ್ಷೆ. ಎಂಜಿನ್ ಓಡುವಾಗ 28 ವೋಲ್ಟಿನ ಆಸುಪಾಸು ಇರಬೇಕು. ತೀರಾ ಹೆಚ್ಚಿದ್ದರೆ ಹೊಸ ಬ್ಯಾಟರಿಯೂ ಕುದಿದು ಹಾಳಾಗುತ್ತದೆ.

ಲೆಕ್ಕ ಹಾಕೋಣ

ಉದಾಹರಣೆಗೆ ಎರಡು ಜೋಡಿಗಳನ್ನು ಊಹಿಸಿಕೊಳ್ಳೋಣ. ಮೊದಲನೆಯದರ ಬೆಲೆ 800 ರಿಯಾಲ್, ಅಲ್ಲಿ ಬಾಳುವುದು 16 ತಿಂಗಳು. ಎರಡನೆಯದು 1200 ರಿಯಾಲ್, ಬಾಳುವುದು 30 ತಿಂಗಳು. ಭಾಗಿಸಿದರೆ ಮೊದಲನೆಯದಕ್ಕೆ ತಿಂಗಳಿಗೆ 50 ರಿಯಾಲ್, ಎರಡನೆಯದಕ್ಕೆ 40. ಅಗ್ಗದ್ದೇ ದುಬಾರಿಯಾಯಿತು! ಆದರೆ ಎರಡನೆಯದೂ 20 ತಿಂಗಳಿಗೇ ಮುಗಿದರೆ ತಿಂಗಳಿಗೆ 60 ರಿಯಾಲ್, ಲೆಕ್ಕ ತಿರುಗಿ ಬೀಳುತ್ತದೆ. ಆದ್ದರಿಂದ ಭಾಗಿಸಬೇಕಾದದ್ದು ಡಬ್ಬದ ಮೇಲೆ ಬರೆದ ತಿಂಗಳುಗಳಿಂದ ಅಲ್ಲ, ಅದೇ ದಾರಿಯಲ್ಲಿ ಓಡುವ ಲಾರಿಗಳಲ್ಲಿ ಅದು ನಿಜವಾಗಿ ಬಾಳಿದ ತಿಂಗಳುಗಳಿಂದ. ಹಾಕಿದ ದಿನಾಂಕವನ್ನು ಬ್ಯಾಟರಿಯ ಮೇಲೇ ಬರೆದಿಟ್ಟರೆ ಮುಂದಿನ ಸಲ ಈ ಲೆಕ್ಕ ಸುಲಭ. ವಾರಂಟಿ ಚೀಟಿಯನ್ನೂ ಜೋಪಾನ ಮಾಡಬೇಕು.

ಪುಸ್ತಕದಲ್ಲಿ ಬಾರದ ಖರ್ಚು

ಲಾರಿ ದಾರಿಯಲ್ಲಿ ನಿಂತರೆ ಎಳೆದು ತರುವ ಖರ್ಚು, ತಪ್ಪಿದ ಬಾಡಿಗೆ ಎಲ್ಲ ಮಾಲೀಕರ ಲೆಕ್ಕಪುಸ್ತಕಕ್ಕೆ ಬರುತ್ತದೆ. ಬಿಸಿಲಿನಲ್ಲಿ ಕಾಯುವ ಚಾಲಕ ಯಾವ ಪುಸ್ತಕದಲ್ಲೂ ಇಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3 ಗಂಟೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ಸೌದಿಯಲ್ಲಿದೆ. ಅಷ್ಟು ಕಠಿಣ ಅಲ್ಲಿನ ಬಿಸಿಲು. ಬ್ಯಾಟರಿ ಸತ್ತು ಎಂಜಿನ್ ಹತ್ತದಿದ್ದರೆ ಕ್ಯಾಬಿನ್ನಿನ ಎಸಿಯೂ ಇಲ್ಲ. ಒಮ್ಮೆ ಹಾಗೆ ನಿಂತು ಮೂರು ಗಂಟೆ ಲಾರಿಯ ನೆರಳಿನಲ್ಲೇ ಕುಳಿತಿದ್ದೆ ಎಂದು ಮಾಮು ನಗುತ್ತಲೇ ಹೇಳಿದರು. ಅಮ್ಮಿ ಮಾತ್ರ ನಗಲಿಲ್ಲ.

ಸವಕಳಿಯ ಲೆಕ್ಕದಲ್ಲಿ ಬಾಳಿಕೆಯ ವರ್ಷಗಳನ್ನು ಬರೆದವರು ಪ್ರಶ್ನೆಪತ್ರಿಕೆ ತಯಾರಿಸಿದವರು. ಮರಳುಗಾಡಿನಲ್ಲಿ ಅದನ್ನು ಬರೆಯುವುದು ಬಿಸಿಲು. ಇನ್ನು ಮುಂದೆ ಯಾವ ವಸ್ತುವಿನ ಬೆಲೆ ಕೇಳಿದರೂ, ಅದು ಎಲ್ಲಿ ದುಡಿಯಬೇಕು, ಅದನ್ನು ನಂಬಿ ಹೊರಡುವವರು ಯಾರು ಎಂದೂ ಕೇಳೋಣ.