ಮುನ್ನೂರು ರೂಪಾಯಿಯ ಚೌಕಾಶಿ

ನಮ್ಮ ಮನೆಯ ಖರ್ಚಿನ ಪುಸ್ತಕದಲ್ಲಿ 2024ರ ಜೂನ್‌ನಿಂದ ನವೆಂಬರ್‌ವರೆಗೆ ‘ಗಾಡಿ’ ಅನ್ನುವ ಪದ ಹದಿನಾಲ್ಕು ಸಲ ಬಂದಿದೆ. ಎದುರಿಗಿರುವ ಮೊತ್ತ ಕೂಡಿಸಿದರೆ 16,600 ರೂಪಾಯಿ. ಅಷ್ಟೂ ಒಂದೇ ಕಾಯಿಲೆಗೆ. ಊರವರಿಗೆಲ್ಲ ಹಣದ ಬುದ್ಧಿ ಹೇಳುವ ಅಂಕಣ ಬರೆಯುತ್ತ ಈ ಲೆಕ್ಕವನ್ನು ಬಹಳ ದಿನ ಮುಚ್ಚಿಟ್ಟಿದ್ದೆ.

ಗಾಡಿ ಅಂದರೆ ಎತ್ತರದ ಮಡ್‌ಗಾರ್ಡಿನ, ಮುಂದೆ 21 ಇಂಚಿನ ಚಕ್ರದ, ಕೆಟ್ಟ ಹಾದಿಗೆಂದೇ ಮಾಡಿದ ಬೈಕು. ಮೂರು ವರ್ಷ ಓಡಿದ್ದನ್ನು 85,000ಕ್ಕೆ ತಗೊಂಡೆ. ಕಂಪನಿಯ ಹೆಸರು ಬೇಡ, ತಪ್ಪು ಅವರದಾಗಿರಲಿಲ್ಲ. ಮನೆಯಲ್ಲಿ ನಾನು ಕೊಟ್ಟ ಕಾರಣ: ನವಲಗುಂದದ ಕಡೆ ಇರುವ ನಮ್ಮ ನಾಲ್ಕು ಎಕರೆ ಎರಿ ಹೊಲಕ್ಕೆ ಮಳೆಗಾಲದಲ್ಲಿ ಸ್ಕೂಟರು ಹೋಗುವುದಿಲ್ಲ. ಮನೆಯಲ್ಲಿ ಹೇಳದ ಕಾರಣ: ಹಳಿಯಾಳ, ದಾಂಡೇಲಿಯ ಕಾಡುಹಾದಿ. ಧಾರವಾಡದಲ್ಲಿ ಇರುವವರಿಗೆ ಈ ಎರಡೂ ಸುಲಭ. ಪಶ್ಚಿಮಕ್ಕೆ ಹೊರಟರೆ ಅರ್ಧ ತಾಸಿನಲ್ಲಿ ಕೆಂಪು ಮಣ್ಣು, ಸಾಗವಾನಿ ನೆರಳು. ಪೂರ್ವಕ್ಕೆ ಹೊರಟು ಹುಬ್ಬಳ್ಳಿ ದಾಟಿದರೆ ಕಣ್ಣು ಹಾಯುವವರೆಗೂ ಕಪ್ಪು ಬಯಲು. ನನ್ನ ಗಾಡಿಯ ಕಾಯಿಲೆಗೆ ಈ ಭೂಗೋಳ ಗೊತ್ತಿತ್ತು. ನನಗೆ ಗೊತ್ತಾಗಲು ಐದು ತಿಂಗಳು ಹಿಡಿಯಿತು.

ಕಾಯಿಲೆ ಹೀಗೆ. ಹೊರಡುವಾಗ ಒಂದೇ ಸೆಲ್ಫಿಗೆ ಚಾಲೂ. ಹತ್ತು–ಹದಿನೈದು ಕಿಲೋಮೀಟರ್ ಚೆನ್ನಾಗಿ ಓಡಿ, ಆಮೇಲೆ ಎಕ್ಸಲರೇಟರ್ ತಿರುವಿದರೂ ವೇಗ ಏರದೆ, ಎರಡು ಸಲ ಕೆಮ್ಮಿ ಬಂದ್ ಬೀಳುತ್ತಿತ್ತು. ಕಾಲು ತಾಸು ನಿಂತರೆ ತಾನೇ ಚಾಲೂ. ಮತ್ತೆ ಐದಾರು ಕಿಲೋಮೀಟರಿಗೆ ಅದೇ ಕತೆ. ಪೂರ್ತಿ ಕೆಟ್ಟ ಗಾಡಿಯನ್ನು ರಿಪೇರಿ ಮಾಡಬಹುದು. ಮಿಸ್ತ್ರಿಯ ಎದುರಿಗೆ ಮಾತ್ರ ಚೆನ್ನಾಗಿರುವ ಗಾಡಿಯನ್ನು ಏನು ಮಾಡುವುದು?

ಮೊದಲ ಸಲ ಹೆಬಸೂರಿನ ಹತ್ತಿರ ನಿಂತಿತು. ದಾರಿಬದಿಯ ಮಿಸ್ತ್ರಿ ಟಾಕಿಯ ಮುಚ್ಚಳ ತೆಗೆದು, ಗಾಡಿ ಅಲುಗಾಡಿಸಿ, “ಪೆಟ್ರೋಲ್ ಐತ್ರಿ, ಕಾರ್ಬ್ಯುರೇಟರ್‌ದಾಗ ಕಚರಾ ಬಂದೈತಿ” ಅಂದ. ಬಿಚ್ಚಿ ಊದಿ ಕೂಡಿಸಿದ. ಚಾಲೂ ಆಯಿತು, 400 ರೂಪಾಯಿ. ಮುಂದೆ ಇನ್ನೂ ಎರಡು ಸಲ ಅದೇ ಸ್ವಚ್ಛತೆ, ಬೇರೆ ಬೇರೆ ಕೈಯಿಂದ. ಒಟ್ಟು 1,200. ಪ್ಲಗ್ಗು, ಅದರ ಟೋಪಿ 560. ಪೆಟ್ರೋಲ್ ಫಿಲ್ಟರ್ ಮತ್ತು ಪೈಪು 290. “ಕಾಯಿಲ್ ಬಿಸಿಯಾಗಿ ಕೈ ಕೊಡ್ತೈತ್ರಿ” ಎಂದು ಇನ್ನೊಬ್ಬ, ಅದಕ್ಕೆ 1,350. ಬ್ಯಾಟರಿ 1,750. ಕೊನೆಗೆ ಒಂದು ದೊಡ್ಡ ಗ್ಯಾರೇಜಿನಲ್ಲಿ ಕಾರ್ಬ್ಯುರೇಟರನ್ನೇ ಹೊಸದು ಹಾಕಿಸಿದೆ, 6,800. ಇವಕ್ಕೆಲ್ಲ ಮಜೂರಿ 1,650. ಎರಡು ಸಲ ಗಾಡಿಯನ್ನು ಛೋಟಾ ಹಾಥಿ ಟೆಂಪೋದಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ತಂದದ್ದು, ಸಲಕ್ಕೆ 1,500.

ಪ್ರತಿ ರಿಪೇರಿಯೂ ಕೆಲಸ ಮಾಡಿತು ಅನ್ನುವುದೇ ಇಲ್ಲಿಯ ಮೋಸ. ಪ್ಲಗ್ ಹಾಕಿದ ಮೇಲೆ ಹನ್ನೆರಡು ದಿನ ಸುಖ. ಕಾಯಿಲ್ ಹಾಕಿದ ಮೇಲೆ ಮೂರು ವಾರ, ನಡುವೆ ದಾಂಡೇಲಿಗೂ ಹೋಗಿ ಬಂದೆ. ಹೀಗಾಗಿ ಹಿಂದಿನ ಖರ್ಚು ವ್ಯರ್ಥ ಅಂತ ಒಂದು ದಿನವೂ ಅನಿಸಲಿಲ್ಲ. ‘ಅದೂ ಕೆಟ್ಟಿತ್ತು, ಈಗ ಇದೂ ಕೆಟ್ಟಿದೆ’ ಎಂದು ಸಮಾಧಾನ. ಗೆಳೆಯರು ಎಥನಾಲಿಗೆ ಬೈದರು. ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ಸರ್ಕಾರ 2030ರಿಂದ 2025ಕ್ಕೆ ತಂದಾಗಿನಿಂದ ಗಾಡಿಯ ಎಲ್ಲ ಪಾಪವೂ ಬಂಕಿನ ತಲೆಗೇ. ನಾನೂ ನಂಬಿದೆ, ಯಾಕೆಂದರೆ ಫುಲ್ ಟ್ಯಾಂಕ್ ಹಾಕಿಸಿದ ದಿನವೇ ಗಾಡಿ ಬೇಗ ನಿಲ್ಲುತ್ತಿತ್ತು. ಬಂಕ್ ಬದಲಿಸಿದೆ, ಗಾಡಿ ಬದಲಾಗಲಿಲ್ಲ.

ವಿಮೆಯ ಕಾಗದವನ್ನೂ ತಿರುವಿ ಹಾಕಿದೆ. ಅಪಘಾತ, ಕಳವು, ಬೆಂಕಿ, ನೆರೆ ಇವಕ್ಕೆ ವಿಮೆ ಉಂಟು. ಯಂತ್ರ ತಾನಾಗಿ ಕೆಟ್ಟರೆ ಇಲ್ಲ. ದಾರಿಯಲ್ಲಿ ನಿಂತ ಗಾಡಿಯನ್ನು ಎತ್ತಿ ತರುವ ಸೌಲಭ್ಯವನ್ನು ಸ್ವಲ್ಪ ಹೆಚ್ಚಿನ ಪ್ರೀಮಿಯಂಗೆ ಸೇರಿಸಿಕೊಳ್ಳಬಹುದಿತ್ತು. ನವೀಕರಣದ ದಿನ ಆ ಚೌಕದಲ್ಲಿ ‘ಬೇಡ’ ಅಂತ ಒತ್ತಿದವನು ನಾನೇ. ಛೋಟಾ ಹಾಥಿಯ 3,000 ಆ ಒತ್ತಿನ ಬೆಲೆ.

ಅಕ್ಟೋಬರ್ ಹೊತ್ತಿಗೆ ಬೇಸತ್ತು ಮಾರಲು ಹೊರಟೆ. ಹಳೆ ಗಾಡಿಗಳ ವ್ಯಾಪಾರಿಯೊಬ್ಬರು ಒಂದು ಸುತ್ತು ಹೊಡೆದು ಬಂದು 70,000 ಅಂದರು. ನಾನು ಸುಮ್ಮನಿರಬಹುದಿತ್ತು. ಆಗಾಗ ನಿಲ್ಲುತ್ತದೆ ಅಂದುಬಿಟ್ಟೆ. “ಯಾಕ ನಿಲ್ತೈತಿ?” “ಗೊತ್ತಿಲ್ರಿ.” ಅವರು ಸೀಟಿನ ಮೇಲೆ ಕೈಯಿಟ್ಟುಕೊಂಡೇ 48,000ಕ್ಕೆ ಇಳಿದರು. ಕಾರಣ ಗೊತ್ತಿದ್ದರೆ ಆ ಭಾಗದ ಬೆಲೆಯಷ್ಟೇ ಕಡಿಮೆಯಾಗುತ್ತಿತ್ತು. ಗೊತ್ತಿಲ್ಲ ಅನ್ನುವ ಒಂದು ಮಾತಿಗೆ 22,000.

ಮಾರಲಿಲ್ಲ. ಆ ರಾತ್ರಿ ಲೆಕ್ಕದ ಪುಸ್ತಕ ತೆಗೆದು ಗಾಡಿಗೆ ಎಷ್ಟು ಹೋಯಿತು ಎಂದು ಕೂಡಿಸುತ್ತ ಕೂತಿದ್ದೆ. ಪುಸ್ತಕ ಬರೆಯುವವಳು ನನ್ನ ಹೆಂಡತಿ. ಹಾಲು, ಕಾಯಿಪಲ್ಲೆ, ಹೊಲದ ಆಳಿನ ಪಗಾರ ಎಲ್ಲ ಒಂದೇ ಪುಸ್ತಕದಲ್ಲಿ, ತಾರೀಖಿನ ಪ್ರಕಾರ. ನನ್ನ ಹೆಗಲ ಮೇಲಿಂದ ನೋಡುತ್ತ ನಿಂತವಳು, “ರೀ, ಆಳಿನ ಪಗಾರ ಬರದಿದ್ರ ಕೆಳಗಿನ ಸಾಲಿನ್ಯಾಗ ಗಾಡಿ ಐತಿ ನೋಡ್ರಿ. ಪ್ರತೀ ಸಲ” ಅಂದಳು.

ಬೆರಳಿಟ್ಟು ನೋಡಿದೆ. ಬಿತ್ತನೆಯ ಆಳು, ಗಾಡಿ. ಕಳೆ ತೆಗೆದದ್ದು, ಗಾಡಿ. ಹೆಸರು ಬಿಡಿಸಿದ್ದು, ಗಾಡಿ. ದಾಂಡೇಲಿಗೆ ಹೋದ ದಿನಗಳಲ್ಲಿ ಪೆಟ್ರೋಲು, ಊಟ, ಅಷ್ಟೆ. ರಿಪೇರಿಯ ಸಾಲೇ ಇಲ್ಲ. ಮಳೆ ಬಿದ್ದ ಮೇಲೆ ಎರಿ ಹೊಲಕ್ಕೆ ಹೋಗಿ ಬಂದರೆ ಮಾತ್ರ ಕಾಯಿಲೆ! ಐದು ಜನ ಮಿಸ್ತ್ರಿಗಳು ನೋಡಿದ್ದರು, ಆದರೆ ಎಲ್ಲಿಗೆ ಹೋಗಿ ಬಂದಿರಿ ಎಂದು ಒಬ್ಬರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಹಳೇ ಹುಬ್ಬಳ್ಳಿಯಲ್ಲಿ ಒಬ್ಬ ಚಾಚಾ ಇದ್ದಾರೆ. ಬೋರ್ಡಿಲ್ಲದ ಗ್ಯಾರೇಜು, ಮೈಸೂರಿನಲ್ಲಿ ಜಾವಾ, ಯೆಜ್ಡಿ ತಯಾರಾಗುತ್ತಿದ್ದ ಕಾಲದಿಂದ ಕೈ ಕಪ್ಪು ಮಾಡಿಕೊಂಡವರು. ಪುಸ್ತಕದಲ್ಲಿ ಕಂಡದ್ದನ್ನು ಹೇಳಿದೆ. ಪೂರ್ತಿ ಕೇಳಿದರು. “ಬಂದ್ ಬಿದ್ದಾಗ ಮೊದಲ ಏನ್ ಮಾಡ್ತಿದ್ರು?” “ಟಾಕಿ ಮುಚ್ಚಳ ತಗದು ಪೆಟ್ರೋಲ್ ನೋಡ್ತಿದ್ರು ಚಾಚಾ.” “ಎಲ್ಲಾರೂ?” “ಎಲ್ಲಾರೂ.” ಅವರಿಗೆ ಆಗಲೇ ಗೊತ್ತಾಗಿತ್ತು ಅಂತ ಈಗ ಅನಿಸುತ್ತದೆ. ಆದರೂ, “ಫುಲ್ ಟ್ಯಾಂಕ್ ಹಾಕಸ್ರಿ, ನಾನೂ ಬರ್ತೀನಿ” ಎಂದು ಅಂಗಡಿ ಹುಡುಗನಿಗೆ ಬಿಟ್ಟು ಹಿಂದೆ ಕೂತರು.

ಹಿಂದಿನ ದಿನ ತಾನೇ ಹೊಲಕ್ಕೆ ಹೋಗಿ ಬಂದಿದ್ದೆ. ಕುಸುಗಲ್ ದಾಟಿದ್ದೇ ಗಾಡಿ ಕೆಮ್ಮಿ ನಿಂತಿತು. ಇಷ್ಟು ಸಂತೋಷ ಕೊಟ್ಟ ಬ್ರೇಕ್‌ಡೌನ್ ಇನ್ನೊಂದಿಲ್ಲ. ಅಭ್ಯಾಸಬಲದಿಂದ ನನ್ನ ಕೈ ಕೀಲಿಯ ಸಮೇತ ಮುಚ್ಚಳಕ್ಕೆ ಹೋಯಿತು. ಚಾಚಾ ಹಿಡಿದರು. “ಮುಟ್ಟಬ್ಯಾಡ್ರಿ. ಕಿವಿ ಕೊಡ್ರಿ ಇಲ್ಲೆ.” ಬಗ್ಗಿ ಕಿವಿ ಹಚ್ಚಿದೆ. ಅವರು ಮೆಲ್ಲಗೆ ಮುಚ್ಚಳ ಸಡಿಲಿಸಿದರು. ‘ಸುಸ್ಸ್...’ ಎಂದು ಟಾಕಿ ಉಸಿರೆಳೆದುಕೊಂಡಿತು. ಮುಚ್ಚಳ ಮುಚ್ಚಿ ಸೆಲ್ಫ್ ಒತ್ತಿದರೆ, ಚಾಲೂ!

“ಎಣ್ಣಿ ಡಬ್ಬಿಗೆ ಅಂಗಡ್ಯಾವ್ರು ಎರಡು ತೂತು ಯಾಕ ಹೊಡೀತಾರ?” ಎಂದು ಕೇಳಿದರು. ಪೆಟ್ರೋಲು ಕೆಳಗಿಳಿದಷ್ಟೂ ಟಾಕಿಯೊಳಗೆ ಗಾಳಿ ಬರಬೇಕು. ಆ ಗಾಳಿಗೆಂದು ಒಂದು ಸಣ್ಣ ರಬ್ಬರ್ ಪೈಪು ಟಾಕಿಯಿಂದ ಹೊರಟು ಇಂಜಿನ್ನಿನ ಹಿಂದೆ ಕೆಳಕ್ಕೆ ಇಳಿದಿರುತ್ತದೆ. ಹಳೆಯ ಮಾಲೀಕ ಯಾವಾಗಲೋ ಅದನ್ನು ಬದಲಿಸುವಾಗ ಉದ್ದದ್ದು ಹಾಕಿಸಿದ್ದ. ಅದರ ಬಾಯಿ ಹಿಂದಿನ ಚಕ್ರದ ಮುಂದೆ, ರಾಡಿ ಸಿಡಿಯುವ ಜಾಗಕ್ಕೇ ಜೋತುಬಿದ್ದಿತ್ತು. ಚಾಚಾ ರಸ್ತೆ ಪಕ್ಕದಿಂದ ಜಾಲಿಮುಳ್ಳೊಂದನ್ನು ಮುರಿದು ತಂದು ಪೈಪಿನ ಬಾಯಲ್ಲಿ ಆಡಿಸಿದರು. ಹೆಬ್ಬೆರಳುದ್ದದ ಕಪ್ಪು ಮಣ್ಣಿನ ಬತ್ತಿ ಹೊರಬಂತು, ಸಿಮೆಂಟಿನ ಹಾಗೆ ಗಟ್ಟಿ. ಎರಿ ಮಣ್ಣಿನ ಗುಣವೇ ಅದು, ನೀರು ಕುಡಿದು ಉಬ್ಬಿ ಅಂಟುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬಿರಿದ ಸೀಳಿನಿಂದ ಗಾಳಿ ಹೇಗೋ ನುಸುಳುತ್ತಿದ್ದ ದಿನಗಳನ್ನೇ ನಾನು ಹೊಸ ಪ್ಲಗ್ಗಿನ, ಹೊಸ ಕಾಯಿಲ್‌ನ ಸುಖ ಅಂದುಕೊಂಡಿದ್ದೆ. ಫುಲ್ ಟ್ಯಾಂಕಿನಲ್ಲಿ ಮೇಲಿನ ಗಾಳಿಯೇ ಕಡಿಮೆ, ಅದಕ್ಕೇ ಬೇಗ ಉಸಿರುಗಟ್ಟುತ್ತಿತ್ತು. ಇನ್ನು ದಾರಿಯ ಮಿಸ್ತ್ರಿಗಳು: ಒಬ್ಬೊಬ್ಬರೂ ಪೆಟ್ರೋಲ್ ನೋಡಲು ಮುಚ್ಚಳ ತೆಗೆದು ಗಾಡಿಯನ್ನು ವಾಸಿ ಮಾಡಿದ್ದರು, ಆಮೇಲೆ ವಾಸಿಯಾದ ಗಾಡಿಯ ಭಾಗಗಳನ್ನು ಬದಲಿಸಿದ್ದರು. ಸುಳ್ಳು ಹೇಳಿದವರು ಯಾರೂ ಇಲ್ಲ.

ಗ್ಯಾರೇಜಿಗೆ ವಾಪಸು ಬಂದು ಪೈಪನ್ನು ಕೊಯ್ದು ಗಿಡ್ಡ ಮಾಡಿ, ತುದಿಯನ್ನು ಮೇಲಕ್ಕೆತ್ತಿ ಹ್ಯಾಂಡಲ್ಲಿನ ನಡುವಿನ ತೂತಿನಲ್ಲಿ ಸಿಕ್ಕಿಸಿದರು. ಮೋಟೊಕ್ರಾಸ್ ಗಾಡಿಗಳಲ್ಲಿ ಇದು ಮಾಮೂಲಿ ಜಾಗ, ರಾಡಿ ಅಲ್ಲಿಯವರೆಗೆ ಏರುವುದಿಲ್ಲ. ಎಷ್ಟಾಯಿತು ಚಾಚಾ? “ಮುನ್ನೂರು ಕೊಡ್ರಿ.”

ಈಗ ನಾನು ಹೇಳಬೇಕಾದ ಮಾತು. 6,800ರ ಕಾರ್ಬ್ಯುರೇಟರಿಗೆ ಯಾಕೆ ಅಂತಲೂ ಕೇಳದೆ ಕಾರ್ಡ್ ಉಜ್ಜಿದವನು, ಆ ಹೊತ್ತಿನಲ್ಲಿ, “ಒಂದ್ ಪೈಪ್ ಕೊಯ್ದದ್ದಕ್ಕ ಮುನ್ನೂರಾ ಚಾಚಾ?” ಅಂದೆ. ಬಾಯಿ ತಾನೇ ಅಂದಿತು. ಹೊಸ ಭಾಗವಾದರೆ ಡಬ್ಬಿಯಲ್ಲಿ ಬರುತ್ತದೆ, ಬಿಲ್ಲಿನಲ್ಲಿ ಒಂದು ಸಾಲಾಗುತ್ತದೆ. ಎರಡು ತಾಸು ಅಂಗಡಿ ಬಿಟ್ಟು ನನ್ನ ಹಿಂದೆ ಕೂತು ಬಂದದ್ದಕ್ಕೆ, ಮುಚ್ಚಳ ಮುಟ್ಟದಂತೆ ಕೈ ಹಿಡಿದದ್ದಕ್ಕೆ ಡಬ್ಬಿ ಇಲ್ಲ. ಡಾಕ್ಟರು ಗುಳಿಗೆ ಬರೆಯದೆ ಕಳಿಸಿದರೆ ಫೀಸು ದಂಡ ಅಂದುಕೊಳ್ಳುವ ಜನ ನಾವು. ಚಾಚಾ ವಾದ ಮಾಡಲಿಲ್ಲ. “ಇನ್ನೂರೈವತ್ತು ಕೊಡ್ರಿ ಹಂಗಾರ” ಅಂದರು. ಕೊಟ್ಟೆ. ಪುಸ್ತಕದಲ್ಲಿ 250 ಅಂತಲೇ ಇದೆ.

2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಗೆಳೆಯನೊಬ್ಬ, ನೀನು ಒಂದು ವರ್ಷ ಕಾದಿದ್ದರೆ ಆ ಕಾರ್ಬ್ಯುರೇಟರು ಸೋವಿಯಲ್ಲಿ ಸಿಗುತ್ತಿತ್ತು ಎಂದು ಚುಡಾಯಿಸುತ್ತಾನೆ. ಹಳೆಯದು ಈಗಲೂ ನಮ್ಮ ಅಟ್ಟದ ಮೇಲಿದೆ, ಏನೂ ಕೆಟ್ಟಿಲ್ಲ.

ಗಾಡಿಗೆ ಈಗ ಬೇರೆ ಕಾಟ. ಒಂದು ವರ್ಷದೊಳಗೆ ಹಿಂದಿನ ಚಕ್ರದ ಬೇರಿಂಗ್ ಎರಡು ಸಲ ಹಾಕಿಸಿದ್ದಾಯಿತು. ಹೋದ ವಾರ ಮತ್ತೆ ಗರಗರ ಸದ್ದು. ಬೇರಿಂಗ್ ತರುವ ಮೊದಲು ಪುಸ್ತಕ ತೆಗೆದೆ. ಎರಡೂ ಸಲ, ಸದ್ದು ಬರುವ ಕೆಲವೇ ದಿನಗಳ ಹಿಂದೆ ‘ವಾಟರ್ ಸರ್ವಿಸಿಂಗ್ 120’ ಅಂತ ಒಂದು ಸಾಲು ಇದೆ. ಗಾಡಿ ತೊಳೆಯುವ ಹುಡುಗ ಚಕ್ರದ ನಡುವಿಗೇ ಪಿಚಕಾರಿ ಹಿಡಿಯುತ್ತಾನೆ, ರಾಡಿ ಹೋಗಲಿ ಎಂದು ಹಿಡಿ ಹಿಡಿ ಅನ್ನುವವನು ನಾನೇ. ನಾಳೆ ಪುಸ್ತಕ ಹಿಡಿದುಕೊಂಡು ಹಳೇ ಹುಬ್ಬಳ್ಳಿಗೆ ಹೋಗಬೇಕು. ಐವತ್ತು ರೂಪಾಯಿಯ ನೋಟೊಂದನ್ನು ಬೇರೆಯಾಗಿ ಮಡಚಿಟ್ಟುಕೊಂಡಿದ್ದೇನೆ.