ಇಸಿಜಿ ಮೊದಲು, ಬಸ್ಸು ಆಮೇಲೆ

ನೋಡು ಮಗಾ, ವಾಲ್ಪಾರೈಯಲ್ಲಿ ಎದೆ ದಡಕ್ ಅಂದ ಕೂಡಲೇ ನೀವು ಎಸ್ಟೇಟಿನವರು ಪೊಳ್ಳಾಚಿ ಬಸ್ಸು ಹತ್ತುತ್ತೀರಿ. 40 ತಿರುವು ಇಳಿದು, ಆಳಿಯಾರ್ ದಾಟಿ, ಡಾಕ್ಟರ ಎದುರು ಕೂರುವ ಹೊತ್ತಿಗೆ ಎದೆ ಸಾಧುವಾಗಿರುತ್ತದೆ. ಇಸಿಜಿ ಕಾಗದವೂ ಚೊಕ್ಕ. ‘ಗ್ಯಾಸು’ ಅನ್ನಿಸಿಕೊಂಡು ಮತ್ತೆ ಬೆಟ್ಟ ಹತ್ತುತ್ತೀರಿ. ಆ ಕಾಗದದಲ್ಲಿ ಸಿಗುವುದು ಆ ಕೆಲವೇ ಸೆಕೆಂಡಿನ ಬಡಿತ. ಅದಕ್ಕೇ ಎದೆ ಬಡಿತ ತಪ್ಪುತ್ತಿರುವಾಗಲೇ ವಾಲ್ಪಾರೈಯ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸು, ಮೊಬೈಲಿನಲ್ಲಿ ಫೋಟೋ ಹಿಡಿದಿಟ್ಟುಕೋ.

ಆಗುವುದಿಷ್ಟು: ಹೃದಯದ ಮೇಲಿನ ಕೋಣೆಯಲ್ಲಿ ಎಲ್ಲೋ ಒಂದು ಚೂರು ಜಾಗ ಸರದಿ ಬರುವ ಮುಂಚೆಯೇ ಕಿಡಿ ಹಾರಿಸುತ್ತದೆ. ಬಡಿತ ಬೇಗ ಬಂತು, ಹಿಂದೆಯೇ ಸಣ್ಣ ತಡೆ, ಆಮೇಲಿನದು ಗಟ್ಟಿ. ನಿನ್ನನ್ನು ಹೆದರಿಸುವುದು ಆ ಗಟ್ಟಿ ಬಡಿತ. ಕಾಗದದಲ್ಲಿ ಮೇಲಿನ ಕೋಣೆಯ ಕಿಡಿ ತೋರಿಸುವ ‘ಪಿ’ ಅಲೆ ಬೇಗ ಬಂದಿರುತ್ತದೆ, ಆಕಾರವೂ ಬೇರೆ. ಒಮ್ಮೊಮ್ಮೆ ಕಿಡಿ ಕೆಳಕೋಣೆಗೆ ಇಳಿಯುವುದೇ ಇಲ್ಲ; ಅವಸರದಲ್ಲಿ ಓದಿದವರು ಅದನ್ನು ಕಿಡಿಯ ದಾರಿಯೇ ಕಟ್ಟಿದ ‘ಬ್ಲಾಕ್’ ಅಂದುಬಿಡುವುದೂ ಉಂಟು.

ಕಾಗದದಲ್ಲಿ ಸಿಗದಿದ್ದರೆ 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಿಸಿಕೋ. ವಯಸ್ಸಾದವರಿಗೆ ಕಟ್ಟಿದರೆ ಇಂಥ ನಾಲ್ಕಾರು ಬಡಿತ ಇಲ್ಲದವರು ಅಪರೂಪ, ಸಂಖ್ಯೆ ನೋಡಿ ಗಾಬರಿಯಾಗಬೇಡ. ಥೈರಾಯ್ಡ್, ಪೊಟ್ಯಾಸಿಯಂ, ಬಿಪಿ, ಎಕೋ ನೋಡಿಸು. ನೀನು ಗೊರಕೆ ಹೊಡೆಯುತ್ತೀಯಾ ಅಂತ ಹೆಂಡತಿಯನ್ನು ಕೇಳು, ನಿದ್ದೆಯಲ್ಲಿ ಉಸಿರು ನಿಲ್ಲುವುದೂ ಒಂದು ಕಾರಣ. ಕಾಫಿ ಬಿಡು ಅನ್ನಲಾರೆ: ಅಮೆರಿಕದಲ್ಲಿ 100 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕಾಫಿ ಕುಡಿದ ದಿನ ಈ ಬಡಿತಗಳು ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ, ನಿದ್ದೆ ಮಾತ್ರ ಕಡಿಮೆಯಾಯಿತು. ಕುಡಿತ ಬಿಡು, ಅದರಲ್ಲಿ ಚೌಕಾಸಿ ಇಲ್ಲ.

ಅಲ್ಲೊಂದು ಇಲ್ಲೊಂದು ಬಡಿತ ತಪ್ಪಿದರೆ ಮಾತ್ರೆ ಬೇಡ. ತೀರಾ ಕಾಡಿದರೆ ಡಾಕ್ಟರು ಮೆಟೊಪ್ರೊಲಾಲ್ ತರಹದ್ದು ಕೊಡಬಹುದು. ಉಬ್ಬಸ ಇದ್ದರೆ ಮೊದಲೇ ಹೇಳು, ನಿನ್ನಿಷ್ಟಕ್ಕೆ ತಟ್ಟನೆ ನಿಲ್ಲಿಸಬೇಡ. ದಿನಕ್ಕೆ ನೂರಾರು, ಸಾವಿರಾರು ಬಂದರೆ ಮಾತು ಬೇರೆ, ಏಕೆ ಅಂದರೆ ಅದು ದೊಡ್ಡ ತೊಂದರೆಗೆ ದಾರಿಯಾಗಬಹುದು. ಶ್ವಾಸಕೋಶದಿಂದ ಬರುವ ರಕ್ತನಾಳಗಳ ಬುಡದ ಕಿಡಿಗಳೇ ಮೇಲಿನ ಕೋಣೆಯನ್ನು ನಡುಗಿಸುವ ಏಟ್ರಿಯಲ್ ಫಿಬ್ರಿಲೇಶನ್‌ಗೆ ನಾಂದಿ ಎಂದು ಫ್ರಾನ್ಸಿನ ಬೋರ್ಡೊದ ವೈದ್ಯರು 1998ರಲ್ಲಿ ತೋರಿಸಿದರು. ಆ ಬುಡವನ್ನು ತಂತಿಯಿಂದ ಸುಡುವ ಚಿಕಿತ್ಸೆಗೆ ದೂರ ಹೋಗಬೇಕಿಲ್ಲ, ಕೊಯಮತ್ತೂರಿನಲ್ಲೇ ಇದೆ. ಫಿಬ್ರಿಲೇಶನ್ ಇದ್ದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿಯಬಹುದು. ವಯಸ್ಸು, ಬಿಪಿ, ಸಕ್ಕರೆ ನೋಡಿ ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಾರೆ. ಬರೀ ಬೇಗ ಬಂದ ಬಡಿತಕ್ಕೆ ಅದು ಬೇಡ.

ಕಣ್ಣು ಕತ್ತಲಿಟ್ಟರೆ, ಎದೆ ನೋವು ಬಂದರೆ, ಉಸಿರು ಕಟ್ಟಿದರೆ ಬಸ್ಸಿಗೆ ಕಾಯಬೇಡ, 108ಕ್ಕೆ ಫೋನ್ ಮಾಡು.